ಬ್ರೆಡ್ಡಿನ ತುದಿ, ಬಸುರಿಯ ಬಯಕೆ

ಬ್ರೆಡ್ ಪ್ಯಾಕೆಟ್ಟಿನ ಮೊದಲ ಮತ್ತು ಕೊನೆಯ ಹೋಳುಗಳು ಯಾರ ಪಾಲಿನವು ಎಂದು ನೀವೂ ಒಮ್ಮೆಯಾದರೂ ಯೋಚಿಸಿರಬಹುದು. ಸಿಡ್ನಿಯ ಪೆಂಡಲ್ ಹಿಲ್‌ನ ನಮ್ಮ ಮನೆಯಲ್ಲಿ ಎಲ್ಲರ ಬೆರಳೂ ಅವನ್ನು ದಾಟಿ ಒಳಗಿನ ಮೆತ್ತನೆಯ ಹೋಳುಗಳಿಗೇ ಹೋಗುತ್ತಿದ್ದವು. ತುದಿಯವು ಮಾತ್ರ ಗಟ್ಟಿಯಾಗಿ, ಕಸದ ಬುಟ್ಟಿಯ ಕರೆಗಾಗಿ ಕಾಯುತ್ತ ಕೂತಿರುತ್ತಿದ್ದವು. ಈ ಅನಾಥರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಮೆಲ್ಬರ್ನ್‌ನಲ್ಲಿ, ಸೊಸೆಯ ಬಯಕೆಯ ದೆಸೆಯಿಂದ.

ಸೊಸೆ ಹ್ಯಾನಾ ಅಮೆರಿಕದ ದಕ್ಷಿಣದವಳು, ಜಾರ್ಜಿಯಾದಲ್ಲಿ ಬೆಳೆದವಳು. ನನ್ನ ಮಗ ಗಿರೀಶನೊಡನೆ ಮೆಲ್ಬರ್ನ್ ಬಳಿಯ ಕ್ರಾನ್‌ಬರ್ನ್‌ನಲ್ಲಿದ್ದಾಳೆ. ಬಸುರಿಯಾದ ಮೇಲೆ ಅವಳಿಗೆ ಏನೂ ಸೇರುತ್ತಿರಲಿಲ್ಲ. ನಮ್ಮ ಧಾರವಾಡದ ಕಡೆ ಬಸುರಿಯ ಬಯಕೆ ತೀರಿಸುವುದು ತವರಿನ ಹಕ್ಕು, ಆದರೆ ಹ್ಯಾನಾಳ ತಾಯಿ ತೀರಿಕೊಂಡಿದ್ದಾರೆ. “ಏನು ತಿನ್ನಬೇಕು ಅನಸ್ತದ, ಕೇಳೋ” ಎಂದು ಫೋನಿನಲ್ಲಿ ಗಿರೀಶನನ್ನು ಪೀಡಿಸಿದಾಗ ಉತ್ತರ ಬಂತು: ಅವಳಮ್ಮ ಮಾಡುತ್ತಿದ್ದ ಬ್ರೆಡ್ ಪುಡ್ಡಿಂಗ್, ಮೇಲೆ ಬಿಸಿ ಸಿಹಿ ಸಾಸ್. ಆಗಲೇ ಟಿಕೆಟ್ ಬುಕ್ ಮಾಡಿದೆ. ಅತ್ತೆಯೇ ತವರಾಗಲು ಹೊರಡುವುದು ಒಬ್ಬನೇ ವಕೀಲ ಎರಡೂ ಪಕ್ಷಗಳ ಪರ ವಾದಿಸಿದಂತೆ; ಆದರೂ ಈ ಮೊಕದ್ದಮೆ ಗೆಲ್ಲಲೇಬೇಕೆಂದು ನಿರ್ಧರಿಸಿದ್ದೆ.

ತೊಡಕೆಂದರೆ, ಪುಡ್ಡಿಂಗಿನಲ್ಲಿ ಮೊಟ್ಟೆಯಿದೆ, ನಾನು ತಿನ್ನುವವಳಲ್ಲ. ರುಚಿ ನೋಡದೆ ನೈವೇದ್ಯ ಮಾಡಿ ರೂಢಿಯಿದ್ದವಳಿಗೆ ಇದೇನು ಮಹಾ ಎಂದುಕೊಂಡೆ. ಹ್ಯಾನಾಳನ್ನು ಕೇಳಿದರೆ, ಅಮ್ಮ ಜಾಜಿಕಾಯಿ ಹಾಕುತ್ತಿದ್ದಳು, ಅಲ್ಲ, ದಾಲ್ಚಿನ್ನಿ ಎಂದಳು. ಅವಳನ್ನು ತಪ್ಪೆನ್ನಲು ನಾನ್ಯಾರು? ದಿನಚರಿ ಬರೆಯುವವಳಾದರೂ ನೆನಪನ್ನು ನಂಬುವವಳಲ್ಲ. ನನ್ನ ಅವ್ವನ ಅಡುಗೆಯ ಬಗ್ಗೆ ನಾನು ಹೇಳಿಕೊಂಡು ಬಂದದ್ದರಲ್ಲಿ ಅರ್ಧ ಅವಳದೋ ನನ್ನ ಕಲ್ಪನೆಯದೋ, ದೇವರೇ ಬಲ್ಲ. ಎರಡನ್ನೂ ಹಾಕಿದೆ.

ಬಸುರಿಗೆ ತಂಗಳು ಬಡಿಸಲಾದೀತೇ? ಅಂದು ಬೆಳಿಗ್ಗೆಯೇ ತಂದ ಬ್ರೆಡ್ಡಿನ ತುದಿಗಳನ್ನು ಬದಿಗಿಟ್ಟು, ಮೆತ್ತನೆಯದನ್ನೆಲ್ಲ ಹಾಲು, ಸಕ್ಕರೆ, ಗಿರೀಶ ಒಡೆದುಕೊಟ್ಟ ಮೊಟ್ಟೆಗಳಲ್ಲಿ ನೆನೆಸಿ ಓವನ್ನಿಗಿಟ್ಟೆ. ಸಾಸಿಗೆ ಬೆಣ್ಣೆ, ಸಕ್ಕರೆ, ಕ್ರೀಮು ಕುದಿಯುತ್ತಿದ್ದಂತೆ, ವರ್ಷವರ್ಷವೂ ಉಂಡಿ ಕಟ್ಟಿದ ಕೈ ನನ್ನನ್ನು ಕೇಳದೆಯೇ ಒಂದು ಹನಿ ತೆಗೆದು ಎರಡು ಬೆರಳ ನಡುವೆ ಪಾಕದ ಎಳೆ ನೋಡತೊಡಗಿತು. ಎಳೆ ಬರುವವರೆಗೂ ಒಲೆ ಆರಿಸಲಿಲ್ಲ. ಸುರಿದ ಸಾಸ್ ತಟ್ಟೆಗೆ ಬರುವಷ್ಟರಲ್ಲಿ ಕಲ್ಲಾಗಿತ್ತು. ಕೆಳಗೆ ಪುಡ್ಡಿಂಗ್ ಗಂಜಿಯಾಗಿತ್ತು.

“ಅವ್ವಾ, ಚಿಕ್ಕಿ ಮಾಡೀಯಲ್ಲ! ಸುತ್ತಿಗಿ ತರ್ಲೇನು?” ಎಂದ ಗಿರೀಶ.

ಹ್ಯಾನಾ ಒಂದು ಚಮಚ ತಿಂದು, “ಇಟ್ಸ್ ಫೈನ್, ಅತ್ತೆ” ಎಂದು ತಟ್ಟೆ ಸರಿಸಿದಳು. ಆ ‘ಫೈನ್’ ಎಷ್ಟು ಆಳದ್ದೆಂದು ನನಗೆ ಗೊತ್ತು. ಸೊಸೆಯಾಗಿದ್ದಾಗ ನಾನೂ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದೆ.

ಸೋತು ಸಿಡ್ನಿಗೆ ಮರಳುವವಳಲ್ಲ ನಾನು. ನಿಜ ಹೇಳೆಂದು ಹ್ಯಾನಾಳಲ್ಲಿ ಪಟ್ಟು ಹಿಡಿದೆ. ಅಮ್ಮ ವಾರವಿಡೀ ಬ್ರೆಡ್ಡಿನ ತುದಿಗಳನ್ನು ಕೂಡಿಟ್ಟು ಒಣಗಿಸುತ್ತಿದ್ದಳು, ಒಣಗಿದ್ದೇ ಹಾಲು ಕುಡಿದೂ ಆಕಾರ ಉಳಿಸಿಕೊಳ್ಳುವುದು ಎಂದಳು. ನಾನು ತಂಗಳೆಂದು ದೂರವಿಟ್ಟದ್ದೇ ಆ ಅಡುಗೆಯ ಜೀವವಾಗಿತ್ತು. ಬದಿಗಿಟ್ಟ ತುದಿಗಳ ಜೊತೆಗೆ ಪಕ್ಕದ ಮನೆಯವರಲ್ಲಿ ಕೇಳಿ ತಂದವನ್ನೂ ಸೇರಿಸಿ ಒಣಗಲಿಟ್ಟೆ. ಮರುದಿನ ಸಾಸ್ ಕುದಿಯುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಿಕ್ಷೆಗೊಳಗಾದ ವಿದ್ಯಾರ್ಥಿನಿಯಂತೆ ನಿಂತೆ. ಹ್ಯಾನಾ ಪಾತ್ರೆಯೊಳಗೆ ಇಣುಕಿ, “ಅತ್ತೆ, ಸ್ಟಾಪ್!” ಎಂದಳು. ನನ್ನ ಕಣ್ಣಿಗೆ ಸಾಸ್ ಇನ್ನೂ ನೀರುನೀರಾಗಿ ಕಂಡಿತು. ಆದರೂ ಒಲೆ ಆರಿಸಿದೆ.

ಬಿಸಿ ಸಾಸ್ ಸುರಿದುಕೊಂಡು ತಿಂದಳು. ಬಟ್ಟಲು ಖಾಲಿಯಾಗುವವರೆಗೂ ತಡೆದು, ಅಮ್ಮನದರ ಹಾಗಿತ್ತೇ ಎಂದು ಕೇಳಿದೆ. ಹ್ಯಾನಾ ಚಮಚದಿಂದ ಬಟ್ಟಲಿನ ತಳ ಕೆರೆಯುತ್ತ, “ನೆನಪಾಗ್ತಿಲ್ಲ, ಅತ್ತೆ” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಬಟ್ಟಲು ಮುಂದೆ ಚಾಚಿ, ತನಗೆ ಬರುವ ನಾಲ್ಕಾರು ಕನ್ನಡ ಪದಗಳಿಂದ ಒಂದನ್ನು ಆರಿಸಿದಳು: “ಇನ್ನಷ್ಟು.”

ಈಗ ನಮ್ಮ ಫ್ರೀಜರಿನಲ್ಲಿ ತುದಿಗಳನ್ನು ಕೂಡಿಡುವ ಒಂದು ಡಬ್ಬಿಯಿದೆ. ಬಾಣಂತನಕ್ಕೆ ಹೋಗುವಾಗ ಅದೂ ನನ್ನೊಡನೆ ಕ್ರಾನ್‌ಬರ್ನ್‌ಗೆ ಬರುತ್ತದೆ. ಮೊನ್ನೆ ನಮ್ಮವರು, ಎಂದೂ ಅದನ್ನು ಮುಟ್ಟದವರು, ಬ್ರೆಡ್ಡಿನ ತುದಿಗೆ ಕೈ ಹಾಕಿದರು. “ಅದನ್ನ ಇಡ್ರಿ,” ಎಂದು ಕಸಿದುಕೊಂಡೆ, “ಅದು ಹ್ಯಾನಾಂದು.”