ಮರಿಯಾಮಳ ಅಮ್ಮ ಬರೆದದ್ದು

ಇವತ್ತು ಬೆಳಿಗ್ಗೆ ಪಕ್ಕದೂರು ಟಿವಿಡೇಲ್‌ನ ದೇವಸ್ಥಾನದ ಪೂಜೆಗೆಂದು ಗೆಳತಿ ಕಳಿಸಿದ ಕರೆಯೋಲೆಯನ್ನು ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ತೆರೆದರೆ, ಕನ್ನಡ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಒಂದು ಕಾಲದಲ್ಲಿ ಇದು ನಮಗೆಲ್ಲ ಮಾಮೂಲಾಗಿತ್ತು; ಫಾಂಟ್ ಹಾಕಿಕೊಳ್ಳಿ ಎಂದು ಒಬ್ಬರಿಗೊಬ್ಬರು ಉಪದೇಶ ಮಾಡುತ್ತಿದ್ದೆವು, ನೆನಪಿದೆಯೇ? ಮಗ ಇಣುಕಿ ನೋಡಿ, “ಜಸ್ಟ್ ಬಿನ್ ಇಟ್, ಬಿಸಾಕು ಅಮ್ಮಾ” ಎಂದು ಹೊರಟುಹೋದ. ನನಗೋ ಚೌಕಗಳನ್ನು ಕಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದಕ್ಕೆ ಕಾರಣ ಮರಿಯಾಮ.

ಮರಿಯಾಮ ಪಶ್ಚಿಮ ಆಫ್ರಿಕಾದ ಗಿನಿ ದೇಶದವಳು. ಎಜ್‌ಬಾಸ್ಟನ್ನಿನ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ನನ್ನ ಜೊತೆ ಕೆಲಸ. ಮನೆಮಾತು ಫುಲಾನಿ, ಶಾಲೆಯಲ್ಲಿ ಕಲಿತದ್ದು ಫ್ರೆಂಚ್. ನನ್ನ ಮನೆಮಾತು ತುಳು. ಲಿಪಿಯಿಲ್ಲದ ಭಾಷೆ ಎಂದು ಕಾಲೇಜಿನಲ್ಲಿ ಯಾರಾದರೂ ಕಿಚಾಯಿಸಿದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಉಂಟು ಮಾರಾಯ್ರೆ, ಹಳೇ ಓಲೆಗರಿಗಳಲ್ಲಿ ಉಂಟು. ನನಗೆ ಓದಲಿಕ್ಕೆ ಬರುವುದಿಲ್ಲ, ಅದು ಬೇರೆ ಮಾತು.

“ನಮ್ಮ ಲಿಪಿ ಈಚೆಗೆ ಹುಟ್ಟಿದ್ದು” ಎಂದು ಮರಿಯಾಮ ನಕ್ಕಳು. ಅವಳ ದೇಶದ ಇಬ್ಬರು ಅಣ್ಣತಮ್ಮಂದಿರು, ಇನ್ನೂ ಹುಡುಗರು, ಕೋಣೆಯಲ್ಲಿ ಕೂತು ಕಣ್ಣುಮುಚ್ಚಿ ಗೆರೆ ಎಳೆದೆಳೆದು ಅಕ್ಷರಗಳನ್ನು ಮಾಡಿದರಂತೆ. ಹೆಸರು ಅದ್ಲಮ್. ಬಲದಿಂದ ಎಡಕ್ಕೆ ಬರೆಯುವುದು. ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರೂ ಕಲಿತರಂತೆ. ಅವರಲ್ಲಿ ಮರಿಯಾಮಳ ಅಮ್ಮನೂ ಒಬ್ಬರು.

ಆ ಅಮ್ಮನಿಗೆ ಬರುವುದು ಅದೊಂದೇ ಲಿಪಿ. ಫೋನಿನಲ್ಲಿ ಮನಬಿಚ್ಚಿ ಮಾತಾಡೋಣವೆಂದರೆ ಮನೆಮಂದಿಯೆಲ್ಲ ಸ್ಪೀಕರಿನ ಸುತ್ತ ಕೂರುತ್ತಾರೆ. ಮೆಸೇಜು ಬರೆಯುವವನು ಮರಿಯಾಮಳ ಅಣ್ಣ, ಅದೂ ಫ್ರೆಂಚಿನಲ್ಲಿ: ನೇನೆ ಚೆನ್ನಾಗಿದ್ದಾಳೆ, ಎಲ್ಲ ಸುಖ. ನೇನೆ ಅಂದರೆ ಅಮ್ಮ.

“ಇದು ನನ್ನಮ್ಮನ ಮಾತೇ ಅಲ್ಲ” ಎನ್ನುತ್ತಿದ್ದಳು ಮರಿಯಾಮ. “ಅವಳು ಇಷ್ಟಕ್ಕೆ ಸುಮ್ಮನಾಗೋಳಲ್ಲ.”

ಕೊನೆಗೆ ಅಮ್ಮನಿಗೆ ಸ್ವಂತ ಫೋನು ಬಂತು. ಸಂತೆಯ ಗೆಳತಿಯರು ಅದರಲ್ಲಿ ಅದ್ಲಮ್ ಕೀಲಿಮಣೆ ಹಾಕಿಕೊಟ್ಟರು. ಅಮ್ಮ ಬರೆದೇ ಬರೆದರು, ಇಲ್ಲಿ ಮರಿಯಾಮಳ ಹಳೇ ಫೋನಿಗೆ ಬಂದದ್ದು ಬರೀ ಚೌಕಗಳು. ಬ್ರೇಕಿನಲ್ಲಿ ಇಬ್ಬರೂ ಅವನ್ನು ಹಿಂದೆಮುಂದೆ ತಿರುಗಿಸಿ ನೋಡುತ್ತಿದ್ದೆವು. ಮೈಯೊಳಗಿನ ಮೂಳೆ ಕಾಣಿಸುವವರು ನಾವು, ಒಂದಕ್ಷರ ಕಾಣಲಿಲ್ಲ.

ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿದ್ದ, ಅವಳದಕ್ಕಿಂತ ಹೊಸದಾದ ಫೋನನ್ನು ಒಯ್ದೆ. ಸಿಮ್ ಬದಲಾಯಿಸಿ, ಅಪ್‌ಡೇಟ್ ಮಾಡಿ, ಹಳೇ ಮೆಸೇಜುಗಳನ್ನೆಲ್ಲ ಅದಕ್ಕೆ ತಂದುಕೊಂಡೆವು. ಚೌಕಗಳು ಮಾಯ. ಅವು ಇದ್ದಲ್ಲೆಲ್ಲ ಜಹಾಂಗೀರಿನ ಸುತ್ತುಗಳಂಥ ಮುದ್ದಾದ ಅಕ್ಷರಗಳು. ಕ್ಯಾಂಟೀನು ಎನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿದೆ.

“ಓದು, ಓದು.”

ಮರಿಯಾಮ ಪರದೆಯನ್ನೇ ನೋಡುತ್ತ ಕೂತಳು. “ನಂಗೆ ಓದೋಕೆ ಬರಲ್ಲ” ಎಂದಳು ಮೆಲ್ಲಗೆ. “ನಮ್ಮ ಭಾಷೆ ತಾನೇ, ಕಣ್ಣಿಗೆ ಬಿದ್ರೆ ಸಾಕು ಅಂದ್ಕೊಂಡಿದ್ದೆ.”

ಇಬ್ಬರಿಗೂ ಇದು ಹೊಳೆದಿರಲಿಲ್ಲ ನೋಡಿ. ಮೊದಲು ನಗು ಬಂತು, ಆಮೇಲೆ ಹಟ ಬಂತು. ಅಕ್ಷರಮಾಲೆ ಹುಡುಕಿ ತೆಗೆದು ಬ್ರೇಕಿಗೊಂದಿಷ್ಟು ತಿದ್ದತೊಡಗಿದೆವು. ಅವಳಿಗೇನೋ ಅಮ್ಮನ ಮಾತು ಬೇಕಿತ್ತು. ನಾನು ಯಾಕೆ ಕಲಿತೆನೋ, ಖುಷಿಗೆ. ಈ ವಯಸ್ಸಿನಲ್ಲಿ ಅ ಆ ಇ ಈ ಕಲಿಯುವ ಸುಖವೇ ಬೇರೆ.

ಒಂದು ಮಧ್ಯಾಹ್ನ ಅವಳು ಬೆರಳನ್ನು ಬಲದಿಂದ ಎಡಕ್ಕೆ ಎಳೆಯುತ್ತ, ತಡವರಿಸುತ್ತ, ಅಮ್ಮನ ಮೊದಲ ಮೆಸೇಜನ್ನು ಪೂರ್ತಿ ಓದಿದಳು. ಆಮೇಲೆ ನನಗೆ ಅರ್ಥ ಹೇಳಿದಳು: “ನಿನ್ನಣ್ಣ ಬರೆಯೋದನ್ನ ನಂಬಬೇಡ. ಮಂಡಿ ಹಿಡ್ಕೊಂಡಿದೆ, ಸಂತೆಗೆ ಹೋಗೋಕಾಗ್ತಿಲ್ಲ. ನಾನು ಹೇಳಿದೆ ಅಂತ ಅವನಿಗೆ ಹೇಳ್ಬೇಡ, ನೊಂದ್ಕೋತಾನೆ. ನಿನ್ನನ್ನ ನೋಡ್ಬೇಕು ಅನಿಸ್ತಿದೆ.”

ಮರಿಯಾಮಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಇದು ನನ್ನಮ್ಮ” ಎಂದಳು. “ನೋಡು, ಇದು ನನ್ನಮ್ಮ.” ಬರ್ತೀನಿ ಎಂದು ಒಂದೊಂದೇ ಅಕ್ಷರ ಒತ್ತಿ ಕಳಿಸಿದಳು. ಅತ್ತಲಿಂದ ತಕ್ಷಣ ಉತ್ತರ ಬಂತು: ಯಾರ ಕೈಲಿ ಬರೆಸಿದೆ?

ನಾನೇ ಬರೆದೆ ಎಂದು ಮತ್ತೆ ಅಕ್ಷರ ಹುಡುಕಿ ಹುಡುಕಿ ಉತ್ತರಿಸಿದಳು.

ಈಗ ಅವಳು ರಜೆ ಹಾಕಿ ಊರಿಗೆ ಹೋಗಿದ್ದಾಳೆ. ಅವಳ ಶಿಫ್ಟುಗಳು ನನ್ನ ರೋಟಾಕ್ಕೆ, ಅಂದರೆ ಡ್ಯೂಟಿ ಪಟ್ಟಿಗೆ, ಬಂದು ಬಿದ್ದಿವೆ, ಹಾರ್ಬೋರ್ನಿನ ಮನೆಗೆ ಬರುವಷ್ಟರಲ್ಲಿ ಸುಸ್ತು. ಇದನ್ನು ಬರೆಯುತ್ತಿರುವಾಗಲೇ ಫೋನು ಸದ್ದು ಮಾಡಿತು. ಗುರುತಿಲ್ಲದ ನಂಬರು, ಗಿನಿಯದು, ಅದ್ಲಮ್‌ನಲ್ಲಿ ಒಂದೇ ಒಂದು ಪದ. ಕನ್ನಡಕ ಹಾಕಿಕೊಂಡು ಬಲದಿಂದ ಕೂಡಿಸಿ ಕೂಡಿಸಿ ಓದಿದೆ. ಅಮ್ಮ ನನ್ನ ಹೆಸರು ಬರೆದಿದ್ದರು.