ಉಡಿಗೆ ಬಿದ್ದ ಚಾವಿ

ತವರುಮನೆಯಿಂದ ಹೊರಡುವ ಮಗಳ ಉಡಿಗೆ ಏನೇನು ಬೀಳುತ್ತದೆ? ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಕಣ. ಸಿರುಗುಪ್ಪದ ಅಕ್ಕಿ ಗಿರಣಿ ಕೊಟ್ಟೂರಪ್ಪನ ಮಗಳು ಅರುಣಾಳ ಉಡಿಗೆ ಇವೆಲ್ಲದರ ಜೊತೆ ಒಂದು ಕಾರಿನ ಚಾವಿಯೂ ಬಿದ್ದಿತ್ತು. ಮದುವೆಯಾಗಿ ಕುರುಗೋಡಿಗೆ ಹೊರಟ ದಿನ ಅದು. ತಾಯಿ ಸುವರ್ಣಮ್ಮ ಸೆರಗಿನ ಉಡಿಗೆ ಅಕ್ಕಿ ಹಾಕುತ್ತಿದ್ದಾಗ ಕೊಟ್ಟೂರಪ್ಪ ಜೇಬಿನಿಂದ ಚಾವಿ ತೆಗೆದು ಅಕ್ಕಿಯ ಮೇಲೆ ಇಟ್ಟೇಬಿಟ್ಟ.

"ಅಯ್ಯ ಶಿವನ! ಉಡಿಯಾಗ ಯಾರರ ಕಬ್ಬಿಣ ಹಾಕ್ತಾರೇನ್ರಿ? ನಿಮಗ ಬುದ್ಧಿ ಐತೋ ಇಲ್ಲೋ?" ಎಂದು ಸುವರ್ಣಮ್ಮ ನೆರೆದ ಮಂದಿಯ ಮುಂದೆಯೇ ಗಂಡನನ್ನು ಝಾಡಿಸಿದಳು. ಆಮೇಲೆ ತಾನೇ ಆ ಚಾವಿಗೆ ಅರಿಶಿನ ಹಚ್ಚಿ, ಕಣದಲ್ಲಿ ಸುತ್ತಿ, ದೋಷ ಕಳೆದು ಮತ್ತೆ ಉಡಿಗೆ ಹಾಕಿದಳು.

"ಉಡಿಗೆ ಬಿದ್ದಿದ್ದು ತವರಿಗೆ ಹೊಳ್ಳಿ ಬರಂಗಿಲ್ಲ. ಗಾಡಿ ಇನ್ನ ನನ್ನ ಮಗಳದು," ಎಂದ ಕೊಟ್ಟೂರಪ್ಪ.

ಈ ಮಾತು ನೆನಪಿಡಿ. ನೆನಪಿಡಬೇಕಾದವರು ಇಡಲಿಲ್ಲ, ನಾವಾದರೂ ಇಟ್ಟುಕೊಳ್ಳೋಣ.

ಗಾಡಿ ಎಂದರೆ ಎಲ್ಲರ ಮನೆಯ ಮುಂದೆ ನಿಲ್ಲುವಂಥದ್ದಲ್ಲ. ಜಪಾನಿನ ಟೊಯೊಟಾ ಸೆಲಿಕಾ, ಎಂಬತ್ತರ ದಶಕದ್ದು. ಎರಡೇ ಬಾಗಿಲು, ಕೆಂಪು ಬಣ್ಣ, ನೆಲಕ್ಕೆ ತಗ್ಗಿ ಓಡುವ ಮೈ. ಮಸ್ಕತ್ತಿನಲ್ಲಿ ದುಡಿದು ಬಳ್ಳಾರಿಗೆ ಮರಳಿದ ಎಂಜಿನಿಯರೊಬ್ಬ ಅದನ್ನು ಹಡಗಿನಲ್ಲಿ ತಂದಿದ್ದ. ಇಲ್ಲಿ ರಿಪೇರಿ ಮಾಡುವವರು ಸಿಗದೆ ಬೇಸತ್ತು ಗೆಳೆಯ ಕೊಟ್ಟೂರಪ್ಪನಿಗೆ ದಾಟಿಸಿದ. ಅರಬರ ನಾಡಿನ ಗಾಡಿಯಾದ್ದರಿಂದ ಸ್ಟೇರಿಂಗ್ ಎಡಗಡೆ. ನಮ್ಮ ಕಾರುಗಳಲ್ಲಿ ಡ್ರೈವರ್ ಕೂರುವ ಬಲಗಡೆಯಲ್ಲಿ ಪುಟ್ಟ ಅರುಣಾ ಕೂತಿರುತ್ತಿದ್ದಳು. ಎದುರು ಬರುವ ಭತ್ತದ ಲಾರಿಯವರು ಎರಡು ಜಡೆಯ ಹುಡುಗಿ ಕಾರು ಓಡಿಸುತ್ತಿದ್ದಾಳೆಂದು ಗಾಬರಿಬಿದ್ದು ಹಾರ್ನ್ ಒತ್ತುತ್ತಿದ್ದರು. ಕೊಟ್ಟೂರಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅದರ ದೊಡ್ಡ ಮೋಜು ಕಣ್ಣುಗಳದ್ದು. ಹೆಡ್‌ಲೈಟುಗಳು ಹಗಲು ಬಾನೆಟ್ಟಿನೊಳಗೆ ಮುಚ್ಚಿಕೊಂಡಿದ್ದು, ಗುಂಡಿ ಒತ್ತಿದರೆ ಮೇಲೆದ್ದು ಬರುತ್ತಿದ್ದವು. ಬರಬರುತ್ತ ಎಡಗಣ್ಣಿನ ಮೋಟರಿನ ಬುಷ್ ಸವೆದು, ಬಲಗಣ್ಣೊಂದೇ ಏಳತೊಡಗಿತು. "ಅಕ್ಕಾ, ನಿಮ್ಮ ಗಾಡಿ ನನಗ ಕಣ್ಣು ಹೊಡೀತೈತಿ ನೋಡ್ರಿ, ಏನ್ ಕಾಲ ಬಂತವ್ವ!" ಎಂದು ಗಿರಣಿಯಲ್ಲಿ ತೌಡು ತುಂಬುತ್ತಿದ್ದ ಮೂಕಮ್ಮ ಸುವರ್ಣಮ್ಮನಿಗೆ ಹೇಳಿ, ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಿದ್ದಳು.

ರಿಪೇರಿಯೆಲ್ಲ ಮನೆಯ ಹಿಂದಿನ ಶೆಡ್ಡಿನಲ್ಲೇ. ಅಪ್ಪ ಗಾಡಿಯ ಕೆಳಗೆ, ಮಗಳು ಪಾನಾ ಹಿಡಿದು ಪಕ್ಕಕ್ಕೆ. ಅಣ್ಣ ವೀರಭದ್ರ ಆ ಕಡೆ ತಲೆ ಹಾಕಿದವನಲ್ಲ. ಬಿಳಿ ಅಂಗಿಗೆ ಎಣ್ಣೆ ತಾಗೀತೆಂದು ಗಿರಣಿಯೊಳಗೂ ಮೈ ಮುದುರಿ ಓಡಾಡುವ ಆಸಾಮಿ ಅವನು. "ಗುಜರಿ ಸಾಮಾನು," ಎನ್ನುತ್ತಿದ್ದ.

ಮದುವೆಯ ನಂತರವೂ ಗಾಡಿ ಸಿರುಗುಪ್ಪದಲ್ಲೇ ಉಳಿಯಿತು. ಕುರುಗೋಡಿನಲ್ಲಿ ಅರುಣಾಳ ಗಂಡನ ಮನೆಯಿದ್ದ ಓಣಿಯಲ್ಲಿ ಎತ್ತಿನ ಬಂಡಿಯೇ ಉಸಿರು ಬಿಗಿಹಿಡಿದು ನುಗ್ಗಬೇಕು. ಆದರೆ ಕೊಟ್ಟೂರಪ್ಪ ಎಂಥ ಮನುಷ್ಯ ನೋಡಿ, ತನ್ನ ಬಳಿ ಉಳಿದ ಇನ್ನೊಂದು ಚಾವಿಯಿಂದ ಗಾಡಿ ತೆಗೆಯುವಾಗಲೂ ಪ್ರತಿ ಸಲ ಫೋನು ಮಾಡುತ್ತಿದ್ದ. "ಅರುಣವ್ವಾ, ನಿನ್ನ ಗಾಡಿ ಬಳ್ಳಾರಿ ತನಕ ಒಯ್ಯಲೇನು?"

"ಒಯ್ರಿ ಅಪ್ಪಾ, ಬಿರಿಯಾಗ ತಂದ್ ಬಿಡ್ರಿ ಮತ್ತ," ಎಂದು ಇವಳು ಗತ್ತಿನಿಂದ ಹೇಳುತ್ತಿದ್ದಳು. ಫೋನಿಟ್ಟ ಮೇಲೆ ಅರ್ಧ ದಿನ ಅವಳ ಮುಖದ ಮೇಲೆ ನಗು ಉಳಿದಿರುತ್ತಿತ್ತು.

ಗಂಡ ಎರ್ರಿಸ್ವಾಮಿ ಬೀಜ ಗೊಬ್ಬರದ ಅಂಗಡಿಯವನು, ವ್ಯವಹಾರ ಬಲ್ಲವನು. "ಗಾಡಿ ನಿನ್ನ ಹೆಸರಿಗೆ ಮಾಡಿಸ್ಕೊ," ಎಂದು ಒಂದೆರಡು ಸಲ ಹೇಳಿದ್ದ. ಅರುಣಾಗೆ ಸಿಟ್ಟೇ ಬಂದಿತ್ತು. "ಉಡಿಗೆ ಹಾಕಿದ್ದಕ್ಕ ಕಾಗದ ಕೇಳಿದ್ರ ನಮ್ಮವ್ವ ಏನ್ ತಿಳ್ಕೊಂಡಾಳು? ನಿಮ್ಮ ಅಂಗಡಿ ಬುದ್ಧಿ ಅಂಗಡ್ಯಾಗ ಇಟ್ಕೊಳ್ರಿ." ಅವನು ಅಂಗಡಿಗೆ ಹೊರಟ.

ಕೊಟ್ಟೂರಪ್ಪನಿಗೆ ವಯಸ್ಸಾಯಿತು, ಗಾಡಿಗೂ ಆಯಿತು. ಕ್ಲಚ್ ಹೋಗಿ ಶೆಡ್ಡಿನಲ್ಲಿ ನಿಂತುಬಿಟ್ಟಿತು, ಅವನ ಬಳಿಯಿದ್ದ ಚಾವಿಯೂ ಎಲ್ಲೋ ಕಳೆದುಹೋಯಿತು. ಹಾಸಿಗೆ ಹಿಡಿದವನು ಮಗಳ ಕೈ ಹಿಡಿದು, "ಒಮ್ಮಿ ರೆಡಿ ಆಗ್ಲಿ. ನೀ ಓಡ್ಸು, ನಾ ಬಲಕ್ಕ ಕುಂದ್ರತೀನಿ. ಕೆಂಚನಗುಡ್ಡಕ್ಕ ಹೋಗಿ ಹೊಳಿ ನೋಡ್ಕೊಂಡು ಬರೋಣು," ಎಂದಿದ್ದ. ಮಗಳಿಗೆ ಅದಕ್ಕೆ ಮೊದಲು ಆ ಎಡಗಡೆಯ ಸೀಟಿನಲ್ಲಿ ಕೂತು ರಸ್ತೆಗಿಳಿಯುವ ಯೋಗವೇ ಬಂದಿರಲಿಲ್ಲ. ಅವನು ಹೋದ. ಅವಳ ಜೀವ ಆ ಒಂದು ಸೀಟಿನ ಮೇಲೆ ಉಳಿಯಿತು.

ದಿನಕರ್ಮ ಮುಗಿದ ಮೇಲೆ ಅಚ್ಚರಿಯೆಂಬಂತೆ ವೀರಭದ್ರನೇ ಹೇಳಿದ: "ಅಪ್ಪನ ನೆನಪಿಗೆ ಗಾಡಿ ಎದ್ದು ನಿಂದರಬೇಕವಾ. ನಿನ್ನ ಗಾಡಿ, ನಿನ್ನ ಮನಿ. ಯಾವಾಗ ಬೇಕಾದ್ರೂ ಬಾ, ಮಾಡು." ಅಣ್ಣನ ಬಾಯಲ್ಲಿ ಈ ಮಾತು ಕೇಳಿ ಅರುಣಾ ಅತ್ತೇಬಿಟ್ಟಳು. ಅಣ್ಣ ಬದಲಾದ ಎಂದುಕೊಂಡಳು. ಅಯ್ಯೋ ಹುಚ್ಚಿ!

ಅಲ್ಲಿಂದ ಪ್ರತಿ ಭಾನುವಾರ ಕುರುಗೋಡಿನಿಂದ ಬಸ್ಸು ಹತ್ತಿ ಬಂದಳು. ಹಳೇ ಚೂಡಿದಾರ ತೊಟ್ಟು, ತಲೆಗೆ ಟವೆಲು ಸುತ್ತಿ, ಶೆಡ್ಡಿಗೆ ಇಳಿಯುವುದೇ. ಅಕ್ಕಿ ಗಿರಣಿಯ ಇಲಿಗಳೆಂದರೆ ಹೇಳಬೇಕೆ? ಡ್ಯಾಶ್‌ಬೋರ್ಡಿನ ಹಿಂದೆ ಭತ್ತದ ಹೊಟ್ಟಿನ ಗೂಡು ಕಟ್ಟಿ, ಮರಿ ಹಾಕಿ, ವೈರುಗಳನ್ನೆಲ್ಲ ಕಡಿದು ಸಂಸಾರ ಹೂಡಿದ್ದವು. ಒಂದೊಂದು ವೈರಿಗೂ ಅದೇ ಬಣ್ಣದ ಹೊಸ ವೈರು ಹುಡುಕಿ ಬೆಸೆದಳು. ಪೆಟ್ರೋಲ್ ಟ್ಯಾಂಕು ಬಿಚ್ಚಿ, ಒಳಗೆ ಸೀಮೆಎಣ್ಣೆ ಮತ್ತು ಸಣ್ಣ ಜಲ್ಲಿ ಹಾಕಿ, ಮೂಕಮ್ಮ ಒಂದು ಕಡೆ ತಾನೊಂದು ಕಡೆ ಹಿಡಿದು ಭತ್ತ ಕೇರಿದ ಹಾಗೆ ಕುಲುಕಿ ಕುಲುಕಿ ತುಕ್ಕು ಉದುರಿಸಿದರು. ಕಾರ್ಬೊರೇಟರಿನ ಸಣ್ಣ ತೂತುಗಳನ್ನು ಬಾಯಲ್ಲಿ ಊದಿ ಊದಿ, ಊಟಕ್ಕೆ ಕೂತರೆ ಅನ್ನವೂ ಪೆಟ್ರೋಲು ನಾರುತ್ತಿತ್ತು. ಜಪಾನಿನ ಮುದುಕನೊಬ್ಬ ಇಂಥದೇ ಗಾಡಿ ಬಿಚ್ಚುವ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದಳು. ಭಾಷೆ ಒಂದಕ್ಷರ ತಿಳಿಯದು, ಅವನ ಕೈ ಓಡುವುದು ತಿಳಿಯುತ್ತಿತ್ತು. ಸವೆದ ಬುಷ್ಷನ್ನು ಬಳ್ಳಾರಿಯ ಕೌಲ್ ಬಜಾರಿನ ಲೇತಿನ ಸುಂಕಣ್ಣನ ಹತ್ತಿರ ಹಿತ್ತಾಳೆಯಲ್ಲಿ ಕಡೆಸಿಕೊಂಡು ಬಂದಳು. ಒಮ್ಮೆ ತಪ್ಪಾಯಿತು, ಮತ್ತೆ ಹೋದಳು. ಮತ್ತೂ ತಪ್ಪಾಯಿತು, ಅವನೊಡನೆ ಜಗಳಾಡಿ ಮತ್ತೆ ಮಾಡಿಸಿದಳು. ಕೊನೆಗೊಂದು ಮಧ್ಯಾಹ್ನ ಎರಡೂ ಕಣ್ಣು ಜೊತೆಯಾಗಿ ಮೇಲೆದ್ದವು. ಅರುಣಾ ಶೆಡ್ಡಿನ ನೆಲದ ಮೇಲೆ ಕೂತು ಅಪ್ಪನನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತಳು.

ಸುವರ್ಣಮ್ಮ ಚಹಾ ತಂದು ಕೊಟ್ಟು ಸೆರಗಿನಿಂದ ಮಗಳ ಮುಖದ ಗ್ರೀಸು ಒರೆಸಿದಳು.

"ಅವ್ವಾ, ಅಪ್ಪನ ಜಾಗದಾಗ ನೀ ಕುಂದ್ರಬೇಕು. ನಾ ಓಡಸ್ತೀನಿ, ಕೆಂಚನಗುಡ್ಡಕ್ಕ ಹೋಗೋಣು. ಬರ್ತಿ ಹೌದಿಲ್ಲೋ?"

"ಬರದ ಏನವ್ವ. ರೇಷ್ಮಿ ಸೀರಿ ಉಟ್ಕೊಂಡು ಕುಂದ್ರತೀನಿ," ಎಂದಳು ತಾಯಿ. ಶ್ರಾವಣದಲ್ಲಿ, "ಚಾವಿ ಒಂದ್ ವಾರ ಇಲ್ಲೇ ಇರ್ಲಿ, ದೇವರ ಮುಂದ ಇಟ್ಟು ಪೂಜಿ ಮಾಡಿ ಕೊಡ್ತೀನಿ," ಎಂದು ಕೇಳಿದಳು. ಮಗಳು ಕೊಟ್ಟಳು. ತಾಯಿ ಕೇಳಿದರೆ ಚಾವಿ ಕೊಡದೆ ಇರುವ ಮಗಳು ಯಾವ ಊರಲ್ಲಿದ್ದಾಳೆ? ಮುಂದಿನ ವಾರ ಚಾವಿ ವಿಭೂತಿ ಹಚ್ಚಿಸಿಕೊಂಡು ಹಿಂತಿರುಗಿ ಬಂತು.

ಈ ನಡುವೆ ವೀರಭದ್ರನ ಮಗಳು ಕಾವೇರಿಗೆ ಬಳ್ಳಾರಿಯ ಗಂಡು ಗೊತ್ತಾಯಿತು. "ನಿಶ್ಚಯದೊಳಗ ಗಾಡಿ ಮುಗಿಸವಾ. ಅವತ್ತ ಒಳ್ಳೆ ದಿನ, ಗಾಡಿ ಪೂಜೀನೂ ಮಾಡಿಬಿಡೋಣು," ಎಂದು ಅಣ್ಣ ಅವಸರ ಮಾಡಿದ. ಅರುಣಾ ಅಂಗಡಿ ಮನೆ ಬಿಟ್ಟು ಆ ವಾರವೆಲ್ಲ ತವರಿನಲ್ಲೇ ಉಳಿದು ಕ್ಲಚ್ಚು, ಬ್ರೇಕಿನ ಕೊನೆಯ ಕೆಲಸ ಮುಗಿಸಿದಳು, ಗಾಡಿಯ ಮೈಯನ್ನು ಕನ್ನಡಿಯಂತೆ ಉಜ್ಜಿದಳು.

ನಿಶ್ಚಯದ ಬೆಳಗ್ಗೆ ರೇಷ್ಮೆ ಸೀರೆ ಉಟ್ಟು, ಬಾನೆಟ್ಟಿಗೆ ತನ್ನ ಕೈಯಾರೆ ಸೇವಂತಿಗೆ ಹಾರ ಕಟ್ಟಿದಳು. ಕುಂಕುಮ ಇಟ್ಟಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಚಾವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಊಟವಾದ ಮೇಲೆ ಕೆಂಚನಗುಡ್ಡ.

ಊಟಕ್ಕೆ ಮೊದಲೇ ಎಲ್ಲ ಮುಗಿಯಿತು. ಬೀಗರನ್ನೆಲ್ಲ ಶೆಡ್ಡಿನ ಮುಂದೆ ಕರೆತಂದ ವೀರಭದ್ರ ಬಿಳಿ ಅಂಗಿಯ ಜೇಬಿನಿಂದ ಕೆಂಪು ರಿಬ್ಬನ್ ಕಟ್ಟಿದ ಹೊಸ ಚಾವಿಯೊಂದನ್ನು ತೆಗೆದು ಭಾವಿ ಅಳಿಯನ ಕೈಗಿಟ್ಟ. "ನಿಮಗ ಹಳೇ ಗಾಡಿ ಅಂದ್ರ ಪ್ರಾಣ ಅಂತ ಕೇಳೀನಿ. ನಮ್ಮಪ್ಪನ ಗಾಡಿ ಇದು. ವರ್ಷಗಟ್ಲೆ ಕಷ್ಟಪಟ್ಟು ರೆಡಿ ಮಾಡಿಸೀನಿ. ಇನ್ನ ಮ್ಯಾಲ ನಿಮ್ದು." ಮಂದಿ ಚಪ್ಪಾಳೆ ತಟ್ಟಿದರು.

ಅರುಣಾ ಮೊದಲು ನಕ್ಕಳು, ಅಣ್ಣ ತಮಾಷೆ ಮಾಡುತ್ತಿದ್ದಾನೆಂದು. ಆಮೇಲೆ ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ತನ್ನ ಚಾವಿ ಅಲ್ಲೇ ಇತ್ತು. ಹಾಗಾದರೆ ಆ ಚಾವಿ ಎಲ್ಲಿಯದು? ದೇವರ ಮುಂದಿದ್ದ ಆ ಒಂದು ವಾರ ನೆನಪಾಯಿತು. ನಕಲು ಚಾವಿ ಮಾಡಿಸಲು ಅಷ್ಟು ದಿನ ಸಾಕು.

ಅಣ್ಣನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅಲ್ಲಿ ಸುವರ್ಣಮ್ಮ ತಟ್ಟೆಗೆ ಕೊಬ್ಬರಿ ಜೋಡಿಸುತ್ತಿದ್ದಳು.

"ಅಣ್ಣಾ, ಅದು ನನ್ನ ಗಾಡಿ. ಅಪ್ಪ ನನ್ನ ಉಡಿಗೆ ಹಾಕಿದ್ದು."

"ಮೆಲ್ಲಕ ಮಾತಾಡು, ಬೀಗರದಾರ. ಮನಿ ಮಾನ ಕಳೀಬ್ಯಾಡ. ಹೆಣ್ಮಗಳು ನೀ, ಅಂಥಾ ಗಾಡಿ ತಗೊಂಡು ಏನ್ ಮಾಡ್ತಿ? ಆ ಓಣ್ಯಾಗ ಎಲ್ಲಿ ನಿಲ್ಲಸ್ತಿ? ಉಡಿಗೆ ಹಾಕಿದ್ರಂತ! ಯಾರು ನೋಡ್ಯಾರ?"

"ಅವ್ವ ನೋಡ್ಯಾಳ. ಅವ್ವನೇ ಅರಿಶಿಣ ಹಚ್ಚಿ ಕಣದಾಗ ಸುತ್ತಿ ಹಾಕ್ಯಾಳ. ಅವ್ವಾ, ಹೇಳಬೇ!"

ಸುವರ್ಣಮ್ಮ ತಲೆ ಎತ್ತಲಿಲ್ಲ. ಕೊಬ್ಬರಿ ಬಟ್ಟಲನ್ನು ತಿರುಗಿಸಿ ತಿರುಗಿಸಿ ಇಟ್ಟಳು. ಮಗನ ಮನೆಯಲ್ಲಿ ಬಾಳುವ ಮುದುಕಿ, ಮೊಮ್ಮಗಳ ಮದುವೆ. ಅವಳ ಲೆಕ್ಕ ಅವಳಿಗಿತ್ತು. "ಏನೋ ಯವ್ವಾ… ಬಾಳ ದಿನದ ಮಾತು. ನನಗ ನೆನಪಾಗವಲ್ದು," ಎಂದಳು.

ವೀರಭದ್ರ ಹೊರಗೆ ಹೋದ. ಅರುಣಾ ಅಲ್ಲೇ ನಿಂತಳು. ಅಣ್ಣ ಮಾಡಿದ್ದು ಮೋಸ, ಅದಕ್ಕೆ ಬೈಗುಳವಾದರೂ ಇದೆ. ಇದಕ್ಕೇನನ್ನಬೇಕು? ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರ ಹತ್ತಿರ ಹೋಗಿ ಹೇಳಬೇಕು?

ಆಗ ಹೊರಗಿನಿಂದ ಸೆಲಿಕಾದ ಸದ್ದು ಕೇಳಿಸಿತು. ಅಳಿಯ ಚಾವಿ ತಿರುಗಿಸುತ್ತಿದ್ದ. ಕರ್ರ್ ಕರ್ರ್ ಎನ್ನುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಅವನು ಎಕ್ಸಲೇಟರು ತುಳಿದ, ಮತ್ತೆ ತಿರುಗಿಸಿದ, ಮತ್ತೆ ತುಳಿದ. ಪೆಟ್ರೋಲು ಕುಡಿದು ಎಂಜಿನ್ನು ಉಸಿರುಗಟ್ಟುತ್ತಿತ್ತು. ಕೇಳುವವರಿಗೆ ಅದು ಬರೀ ಸದ್ದು. ಅರುಣಾ ಎರಡೂ ಕಿವಿ ಮುಚ್ಚಿಕೊಂಡಳು.

"ಅರುಣಾ, ಇದಕ್ಕೇನು ಮಾಡ್ಬೇಕು ಬಂದು ಹೇಳವಾ!" ಎಂದು ವೀರಭದ್ರ ಕೂಗಿದ. ನಾಚಿಕೆ ಬೇಡವೇ ಮನುಷ್ಯನಿಗೆ!

ಎರ್ರಿಸ್ವಾಮಿ ಬಾಗಿಲಿಗೆ ಬಂದು, "ಹೋಗಬ್ಯಾಡ. ನಡಿ, ಊರಿಗೆ ಹೋಗೋಣು," ಎಂದ. 'ನಾನು ಹೇಳಿರಲಿಲ್ಲವೇ' ಎಂದು ಅವನು ಅನ್ನಲಿಲ್ಲ, ಅಷ್ಟು ದೊಡ್ಡವನು. ಅರುಣಾ ಹೋಗಬಾರದಿತ್ತು. ಮೈ ಮುರಿದು ಮಾಡಿದ ಎಂಜಿನ್ನನ್ನು ಹಾಗೆ ಹಿಂಸಿಸುವುದನ್ನು ಕೇಳಿಸಿಕೊಂಡು ನಿಲ್ಲಲು ಅವಳಿಗೆ ಆಗಲಿಲ್ಲ. ಹೋದಳು.

"ನೀವು ಇಳೀರಿ," ಎಂದಳು. ಎಡಗಡೆಯ ಸೀಟಿನಲ್ಲಿ ಕೂತಳು. ಎಕ್ಸಲೇಟರನ್ನು ಬಿಟ್ಟು ಬಿಟ್ಟು ತುಳಿಯದೆ ಪೂರ್ತಿ ಒತ್ತಿ ಹಿಡಿದು, ತನ್ನ ಸೊಂಟದ ಚಾವಿ ತೆಗೆದು ಹಾಕಿ ತಿರುಗಿಸಿದಳು. ಗಾಡಿ ಒಮ್ಮೆ ಕೆಮ್ಮಿ, ಹೊತ್ತಿಕೊಂಡು, ಸಣ್ಣಗೆ ಹದವಾಗಿ ಹಾಡತೊಡಗಿತು. ಕಣ್ಣುಗಳ ಗುಂಡಿ ಒತ್ತಿದಳು. ಎರಡೂ ಜೊತೆಯಾಗಿ ಎದ್ದವು. ಮಂದಿ ಮತ್ತೆ ಚಪ್ಪಾಳೆ ತಟ್ಟಿದರು. ಅವಳು ಇಳಿದು ಬಂದಳು, ಚಾವಿ ಅದರಲ್ಲೇ ಉಳಿಯಿತು.

ಅಳಿಯ ಕೂತ. ಒಳ್ಳೆಯ ಹುಡುಗ, ಅವನಿಗೇನು ಗೊತ್ತು ಪಾಪ? "ಅಜ್ಜಿ, ನೀವು ಬರ್ರಿ, ಗುಡಿ ತನಕ ಒಂದ್ ರೌಂಡ್ ಹೋಗೋಣು," ಎಂದು ಕರೆದ. ಸುವರ್ಣಮ್ಮ ಬೇಡ ಬೇಡವೆನ್ನುತ್ತ, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ಬಲಗಡೆಯ ಸೀಟಿನಲ್ಲಿ ಕೂತಳು. ನಿಂಬೆಹಣ್ಣುಗಳು ಚಕ್ರದಡಿ ಒಡೆದವು. ಅರುಣಾ ಗೇಟಿನ ತನಕ ನೋಡಿದಳು.

ಗಾಡಿ ತಿರುಗಿ ಬರುವ ಹೊತ್ತಿಗೆ ಅವಳು ಬ್ಯಾಗು ಹಿಡಿದು ಹೊರಟಿದ್ದಳು. ಸುವರ್ಣಮ್ಮ ಇಳಿದವಳೇ ಓಡೋಡಿ ಒಳಗೆ ಹೋಗಿ ಉಡಿಯ ತಟ್ಟೆ ತಂದಳು. ಐದು ಹಿಡಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಹೊಸ ಕಣ. ಕಣ್ಣು ತುಂಬಿ ಬಂದಿದ್ದವು.

"ಉಣ್ಣದ ಹೊಂಟಿ. ಬರೇ ಉಡೀಲೆ ಹೋಗಬಾರದವ್ವ. ಸೆರಗ ಒಡ್ಡು."

ಅರುಣಾ ಸೆರಗನ್ನು ಎಳೆದು ಭುಜದ ಸುತ್ತ ಬಿಗಿಯಾಗಿ ಹೊದ್ದುಕೊಂಡಳು.

"ಬ್ಯಾಡವ್ವ. ನೀ ಹಾಕಿದ್ದು ನಿನಗ ನೆನಪಿರಂಗಿಲ್ಲ."

ತಟ್ಟೆ ಹಿಡಿದ ತಾಯಿ ಮೆಟ್ಟಿಲ ಮೇಲೆ ಹಾಗೇ ನಿಂತಳು. ಗಂಡ ಹೆಂಡತಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ ಕುರುಗೋಡಿನ ಬಸ್ಸು ಹತ್ತಿದರು. ಬಲಗಡೆಯ ಕಿಟಕಿ ಸೀಟು ಖಾಲಿಯಿತ್ತು. ಅರುಣಾ ಅಲ್ಲಿ ಕೂರಲಿಲ್ಲ.