ಮಗಳಿಗಾಗಿ ಮೀಸೆ ತೆಗೆದ ಜಡೆಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಒಂದು ಹೊಲಿಗೆ ಯಂತ್ರ ಸದ್ದು ಮಾಡುತ್ತಿದೆ. ಅದರ ಮುಂದೆ ಬಗ್ಗಿ ಕೂತವರು ಜಡೆಪ್ಪ. ಕುರುಗೋಡಿನಿಂದ ಮೊದಲ ಬಸ್ಸಿಗೆ ಬರುವ ಇವರು, ಉಳಿದವರು ಚಹಾ ಮುಗಿಸುವಷ್ಟರಲ್ಲಿ ಒಂದು ಗಂಟು ಜೀನ್ಸ್ ಪ್ಯಾಂಟಿಗೆ ಜೇಬು ಕೂರಿಸಿರುತ್ತಾರೆ. ದಿನಕ್ಕೆ ಇನ್ನೂರು ಪ್ಯಾಂಟಿಗೆ ಕಡಿಮೆಯಿಲ್ಲ. ನಾವು ಕೈ ಇಳಿಬಿಟ್ಟು ಮೆರೆಯುವ ಆ ಜೇಬು ಹೊಲಿದವರು ಯಾರೆಂದು ಕೇಳಿದವರಿಲ್ಲ. ಜಡೆಪ್ಪನವರಿಗೂ ಅದೇ ಬೇಕಿತ್ತು.

ಏಕೆಂದರೆ ಅವರಿಗೆ ಯಾರ ಮುಖವನ್ನೂ ನೋಡಿ ಮಾತಾಡಲು ಆಗದು. ನನ್ನೊಂದಿಗೆ ಮಾತಾಡುವಾಗಲೂ ಕಣ್ಣು ನನ್ನ ಪ್ಯಾಂಟಿನ ಮೇಲೆಯೇ. "ಬಲಗಡೆ ಜೇಬು ಸೊಟ್ಟ ಐತ್ರಿ" ಎಂದು ಹೇಳಿಯೂಬಿಟ್ಟರು.

"ಸಣ್ಣಾವಿದ್ದಾಗಿಂದ ಹಂಗ್ರಿ. ಯಾರನ್ನರ ನೆಟ್ಟಗ ನೋಡಿದ್ರ ಎದಿ ಡವಡವ ಅಂತೈತಿ. ಸಾಲಿ ಬಿಟ್ಟದ್ದೂ ಅದಕ್ಕ. ಇಲ್ಲಿ ಸೂಜಿ ನೋಡ್ಕೊಂತ ಕುಂತ್ರ ಯಾರೂ ಏನೂ ಅನ್ನಂಗಿಲ್ಲ."

ಜೀವನ ಹಾಗೇ ಸಾಗುತ್ತಿತ್ತೇನೋ. ಆದರೆ ಒಬ್ಬಳೇ ಮಗಳು ರೇಣುಕಾಗೆ ಹುಟ್ಟಿನಿಂದ ಕಿವಿ ಕೇಳಿಸದು. ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾಳೆ. ಅಪ್ಪ ಏನಾದರೂ ಹೇಳಬೇಕಿದ್ದರೆ ಹೆಂಡತಿ ಜಡೆಮ್ಮನವರಿಗೆ ಹೇಳುತ್ತಿದ್ದರು. ಅವರು ನೆಲಕ್ಕೆ ಕಾಲು ಬಡಿದು, ನೆಲ ಅದುರಿದ್ದಕ್ಕೆ ಮಗಳು ತಿರುಗಿದ ಮೇಲೆ ಮಾತು ಮುಟ್ಟಿಸುತ್ತಿದ್ದರು. ಸಿರುಗುಪ್ಪದ ಹುಡುಗನನ್ನು ಮದುವೆಯಾಗಿ ರೇಣುಕಾ ಪುಣೆಗೆ ಹೋದ ಮೇಲೂ ವಿಡಿಯೊ ಕಾಲ್ ಎತ್ತುತ್ತಿದ್ದವರು ಜಡೆಮ್ಮನವರೇ.

ಹೋದ ವರ್ಷ ಜ್ವರ ಬಂದು ಅವರು ತೀರಿಕೊಂಡರು. ಮಗಳು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಅವಳದು ಒಂದೇ ಪ್ರಶ್ನೆ: ಅವ್ವ ಕೊನೆಗೆ ಏನಂದಳು? ಅದು ಗೊತ್ತಿರುವುದು ಜಡೆಪ್ಪನವರೊಬ್ಬರಿಗೇ. ಬೇರೆಯವರಿಂದ ಬರೆಸಿ ಕಳಿಸಬಹುದಿತ್ತು. "ಅದು ನನ್ನ ಬಾಯಿಂದನ ಹೋಗಬೇಕ್ರಿ" ಎನ್ನುತ್ತಾರೆ.

"ಫೋನ್ ಬಂದ್ರ ಕೈ ಬೆವರತಿತ್ತು. ಎತ್ತಿ ಮಷಿನ್ ಕಡೆ ತಿರುಗಿಸಿ ಇಡತಿದ್ದೆ. ಪಾಪ, ಆಕಿ ನನ್ನ ಕೈ ನೋಡ್ಕೊಂತ ಕುಂದರತಿದ್ಲು."

ಒಂದು ದಿನ ಗಟ್ಟಿ ಮನಸ್ಸು ಮಾಡಿ ಮುಖ ತೋರಿಸಿದರು. ಆ ಪೊದೆ ಮೀಸೆಯಲ್ಲಿ ತುಟಿ ಎಲ್ಲಿ ಕಾಣಬೇಕು! ರೇಣುಕಾ ಎರಡು ಬೆರಳನ್ನು ಕತ್ತರಿ ಮಾಡಿ ತನ್ನ ಮೂಗಿನ ಕೆಳಗೆ ಆಡಿಸಿದಳು. ಮರುದಿನ ಜಡೆಪ್ಪ ಮೀಸೆ ಬೋಳಿಸಿಕೊಂಡೇ ಬಂದರು. ಹೆತ್ತವರು ಸತ್ತಾಗ ಮೀಸೆ ತೆಗೆಯುವ ಕಡೆ ಇದು. ಪಕ್ಕದಲ್ಲಿ ದಾರ ಕತ್ತರಿಸುವ ಅನಿತಾ ಗಾಬರಿಬಿದ್ದಳು.

"ಕಾಕಾ, ಯಾರು ಹೋದ್ರು?"

"ಯಾರೂ ಹೋಗಿಲ್ಲವ್ವ. ಮಗಳಿಗೆ ಬಾಯಿ ಕಾಣ್ಲಿ ಅಂತ."

ಅಂದಿನಿಂದ ಊಟದ ಹೊತ್ತಿಗೆ ಅನಿತಾ ಎದುರು ಕೂತು ಅಭ್ಯಾಸ ಮಾಡಿಸುತ್ತಾಳೆ. ಮೊದಲು ಅವಳ ಕುಂಕುಮ ನೋಡಿ ಮಾತಾಡುವುದು, ಆಮೇಲೆ ಹುಬ್ಬು, ಆಮೇಲೆ ಕಣ್ಣು. ಈಗ ಒಂದೆರಡು ಮಾತಿನವರೆಗೆ ಕಣ್ಣು ನಿಲ್ಲುತ್ತದೆ.

ನಾವು ಮಾತಾಡುತ್ತಿರುವಾಗಲೇ ಫೋನ್ ಬೆಳಗುತ್ತದೆ. ಗಂಡನನ್ನು ಕೆಲಸಕ್ಕೆ ಕಳಿಸಿ ರೇಣುಕಾ ಕರೆ ಮಾಡಿದ್ದಾಳೆ. ಜಡೆಪ್ಪ ಫೋನನ್ನು ದಾರದ ಉಂಡೆಗೆ ಒರಗಿಸಿ, ಅಂಗೈ ಒರೆಸಿಕೊಂಡು ತಲೆ ಎತ್ತುತ್ತಾರೆ.

"ನಾಷ್ಟಾ ಆತೇನವ್ವಾ?"

ಮಗಳು ತಲೆಯಾಡಿಸುತ್ತಾಳೆ.

"ನಿಮ್ಮವ್ವ ಅಂದದ್ದು ಹೇಳ್ತೀನಿ, ನೋಡು. ಇನ್ನ ಮ್ಯಾಲೆ ಕೂಸಿನ ಕೂಡ..."

ಕಣ್ಣು ಜಾರಿ ಸೂಜಿಯ ಮೇಲೆ ಬೀಳುತ್ತದೆ. ಮಾತು ಅಲ್ಲೇ ನಿಲ್ಲುತ್ತದೆ. ಪರದೆಯಲ್ಲಿ ರೇಣುಕಾ ಕೈ ಬೀಸುತ್ತಾಳೆ, ತಗ್ಗಿಸಿದ ತಲೆಗೆ ಅದು ಕಾಣದು. ಆಗ ಫೋನಿನಿಂದ ಧಪ್ ಧಪ್ ಎಂಬ ಸದ್ದು. ಅವಳು ನೆಲಕ್ಕೆ ಕಾಲು ಬಡಿಯುತ್ತಿದ್ದಾಳೆ, ಅವ್ವ ಬಡಿಯುತ್ತಿದ್ದ ಹಾಗೆ.

ಜಡೆಪ್ಪ ಬೆಚ್ಚಿ ತಲೆ ಎತ್ತುತ್ತಾರೆ.

"ಇನ್ನ ಮ್ಯಾಲೆ ಕೂಸಿನ ಕೂಡ ನೀನ ಮುಖಾ ಕೊಟ್ಟು ಮಾತಾಡಬೇಕು ಅಂತ ನನಗ ಅಂದ್ಲವ್ವ. ಅಷ್ಟ ಅಂದ್ಲು."

ಇಬ್ಬರ ಕಣ್ಣಲ್ಲೂ ನೀರು. ಇಬ್ಬರೂ ಮುಖ ತಿರುಗಿಸುವುದಿಲ್ಲ. ನನಗೇ ನೋಡಲಾಗದೆ ನಾನು ಬಾಗಿಲ ಕಡೆ ತಿರುಗುತ್ತೇನೆ.

ಕರೆ ಮುಗಿದ ಮೇಲೆ ಜಡೆಪ್ಪ ಯಂತ್ರ ಶುರು ಮಾಡುವುದಿಲ್ಲ. ಕತ್ತಲಾದ ಪರದೆಯನ್ನೇ ನೋಡುತ್ತ ಕೂರುತ್ತಾರೆ.

"ಆಕಿ ಬಾಯಿ ಅವ್ರವ್ವನಂಗ ಐತ್ರಿ," ಎನ್ನುತ್ತಾರೆ. "ಇಷ್ಟ ವರ್ಷ ನಾ ನೋಡೇ ಇದ್ದಿಲ್ಲ."